ಹಳೆಯ ಕಿಟಕಿಗೆ ಬದಲಾಗಿ ಹೊಸ ಕಿಟಕಿ: ಸಾಮಗ್ರಿಯ ಪರೀಕ್ಷೆ ಮತ್ತು ನಂಬಿಕಸ್ಥ ಕೆಲಸಗಾರನ ಆಯ್ಕೆ

ಶಿರಸಿ ತಾಲೂಕಿನ ಪೂರ್ವ ಭಾಗದಲ್ಲಿರುವ ದಾಸನಕೊಪ್ಪ, ಬನವಾಸಿ ಮೊದಲಾದ ಊರುಗಳು ಮಲೆನಾಡಿನ ಸೆರಗಿನಲ್ಲಿವೆ. ಘಟ್ಟದಂಚಿನ ಸೀಮೆಯಷ್ಟು ಮಳೆ ಇಲ್ಲಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈಋತ್ಯದ ಗಾಳಿಯೊಡನೆ ಬರುವ ಇರಚಲು ಗೋಡೆಗಳನ್ನು ನೆನೆಸುತ್ತದೆ. ಬೇಸಿಗೆಯಲ್ಲಿ ಬಯಲುಸೀಮೆಯ ಬಿಸಿಲು ಮರವನ್ನು ಬಿರಿಯಿಸುತ್ತದೆ. ಹೀಗೆ ನೆನೆಯುತ್ತ ಒಣಗುತ್ತ ಬಂದ ಹಳೆಯ ಮರದ ಕಿಟಕಿಗಳನ್ನು ತೆಗೆದು ಅಲ್ಯೂಮಿನಿಯಂ ಅಥವಾ ಯುಪಿವಿಸಿ ಕಿಟಕಿಗಳನ್ನು ಕೂರಿಸುವುದು ಈ ಭಾಗದಲ್ಲಿಯೂ ರೂಢಿಗೆ ಬಂದಿದೆ.

ಆದರೆ ಈ ವ್ಯವಹಾರದಲ್ಲಿ ಒಂದು ವಿಚಿತ್ರವನ್ನು ಕಾಣಬಹುದು. ನಮ್ಮ ತೋಟಿಗರು ಅಡಕೆಯನ್ನು ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು, ಬಿಳೇಗೋಟು ಎಂದು ಬೇರೆ ಬೇರೆ ಮಾಡದೆ ಮಾರುವುದಿಲ್ಲ. ತೂಕದ ಚೀಟಿಯಿಲ್ಲದೆ ಚೀಲವನ್ನು ಬಿಡುವುದಿಲ್ಲ. ಬೆಳೆಗಾರನಿಗೆ ಸರಿಯಾದ ತೂಕವೂ ದರವೂ ದೊರೆಯಬೇಕೆಂಬ ವಿಚಾರವು ಶಿರಸಿಯಲ್ಲಿ ಹೊಸದಲ್ಲ. ತೋಟಗಾರ್ಸ ಸಹಕಾರಿ ಮಾರಾಟ ಸಂಘವು ಸ್ಥಾಪನೆಯಾದದ್ದು 1923ರಲ್ಲಿ. ಇಷ್ಟು ಎಚ್ಚರವುಳ್ಳ ಜನರೇ ಆ ಅಡಕೆಯ ಹಣದಿಂದ ಕಿಟಕಿ ಕೊಳ್ಳುವಾಗ ಮಾತ್ರ ‘ಚದರಡಿಗೆ ಎಷ್ಟು?’ ಎಂಬ ಒಂದೇ ಪ್ರಶ್ನೆ ಕೇಳಿ ಮುಂಗಡ ಕೊಟ್ಟುಬಿಡುತ್ತಾರೆ. ಆಮೇಲೆ ಮೊದಲ ಮಳೆಗೇ ನೀರು ಒಳಗೆ ಬಂದರೆ ಯಾರನ್ನು ಕೇಳಬೇಕೆಂಬುದು ತಿಳಿಯದಾಗುತ್ತದೆ.

ಕಿಟಕಿಯು ಸಾಮಾನ್ಯವಾಗಿ ಕೆಡುವುದು ಸಾಮಗ್ರಿಯಲ್ಲಿ ಅಲ್ಲ, ಸಂದಿನಲ್ಲಿ. ಗೋಡೆಗೂ ಚೌಕಟ್ಟಿಗೂ ನಡುವಿನ ಸಂದು, ಮಾರಿದವನಿಗೂ ಕೂರಿಸಿದವನಿಗೂ ನಡುವಿನ ಸಂದು, ಆಡಿದ ಮಾತಿಗೂ ಬರೆದ ಬಿಲ್ಲಿಗೂ ನಡುವಿನ ಸಂದು, ಈ ಮೂರನ್ನೂ ಮೊದಲೇ ಮುಚ್ಚಿಕೊಂಡವನಿಗೆ ನಷ್ಟವಾಗುವ ಸಂಭವ ಕಡಿಮೆ. ಕೊಳ್ಳುವವರಿಗೂ, ಕಿಟಕಿ ತಯಾರಿಸುವ ನಮ್ಮ ಸಣ್ಣ ಉದ್ಯಮಿಗಳಿಗೂ ಉಪಯೋಗವಾಗುವಂತೆ ಈ ವಿಷಯವನ್ನು ಇಲ್ಲಿ ಕ್ರಮವಾಗಿ ಪರಿಶೀಲಿಸಲಾಗಿದೆ.

1. ಬದಲಿಸುವುದು ಅಗತ್ಯವೇ?

ಮೊದಲ ಪರೀಕ್ಷೆಗೆ ಬೇಕಾದುದು ಒಂದು ಸ್ಕ್ರೂಡ್ರೈವರ್ ಮಾತ್ರ. ಚೌಕಟ್ಟಿನ ಕೆಳಗಿನ ಎರಡು ಮೂಲೆಗಳಲ್ಲಿ ಅದರ ತುದಿಯನ್ನು ಒತ್ತಿ ನೋಡಬೇಕು. ನೀರು ಇಳಿದು ನಿಲ್ಲುವುದು ಅಲ್ಲಿಯೇ ಆದುದರಿಂದ ಕೊಳೆಯುವಿಕೆಯೂ ಗೆದ್ದಲೂ ಅಲ್ಲಿಂದಲೇ ಆರಂಭವಾಗುತ್ತವೆ. ತುದಿಯು ಸುಲಭವಾಗಿ ಒಳಗೆ ಇಳಿದರೆ ಮರ ಸತ್ತಿದೆ ಎಂದು ತಿಳಿಯಬೇಕು. ಕೆಳಪಟ್ಟಿ ಮಾತ್ರ ಕೆಟ್ಟು ಉಳಿದ ಮೂರು ಬದಿಗಳು ಗಟ್ಟಿಯಾಗಿದ್ದರೆ, ಕೆಟ್ಟ ಭಾಗವನ್ನು ಕತ್ತರಿಸಿ ಹೊಸ ಮರ ಜೋಡಿಸುವುದು ನುರಿತ ಆಚಾರಿಗೆ ಕಷ್ಟದ ಕೆಲಸವಲ್ಲ. ಹಲವು ದಶಕಗಳ ಹಿಂದಿನ ಸಾಗವಾನಿ, ಹೊನ್ನೆ, ಮತ್ತಿ ಅಥವಾ ನಂದಿಯ ಚೌಕಟ್ಟು ಈಗ ಪೇಟೆಯಲ್ಲಿ ದೊರೆಯುವ ಎಳೆಯ ಮರಕ್ಕಿಂತ ಎಷ್ಟೋ ಪಾಲು ಮೇಲಾಗಿರುತ್ತದೆ. ಕದಗಳು ಬಿಗಿಯಾಗಿ ಮುಚ್ಚುವುದಿಲ್ಲವೆಂಬುದೇ ದೂರಾಗಿದ್ದರೆ ತಿರುಗಣಿ ಬದಲಿಸಿ, ಅಂಚು ಹತ್ತರಿ ಹೊಡೆಸಿ, ಗಾಜಿನ ಬೀಡಿಂಗ್ ಹೊಸದು ಹಾಕಿಸಿದರೆ ಸಾಕಾಗಬಹುದು.

ಎರಡನೆಯ ಪರೀಕ್ಷೆ ಗೋಡೆಯದು. ಮಣ್ಣಿನ ಅಥವಾ ಚಿರೇಕಲ್ಲಿನ ಹಳೆಯ ಮನೆಗಳಲ್ಲಿ ಕಿಟಕಿಯ ಮೇಲೆ ಕಾಂಕ್ರೀಟಿನ ಲಿಂಟಲ್ ಇರುವುದಿಲ್ಲ. ಮರದ ಹಲಗೆಯೋ, ಕೆಲವೆಡೆ ಚೌಕಟ್ಟಿನ ಮೇಲ್ಪಟ್ಟಿಯೇ ಸ್ವತಃ ಮೇಲಿನ ಗೋಡೆಯ ಭಾರವನ್ನು ಹೊತ್ತಿರುತ್ತದೆ. ಅಂತಹ ಚೌಕಟ್ಟನ್ನು ಊರೆ ಕೊಡದೆ ಕಿತ್ತರೆ ಮೇಲಿನ ಗೋಡೆ ಕುಸಿಯುವ ಅಪಾಯವಿದೆ. ಆದುದರಿಂದ ಅಳತೆಗೆ ಬಂದವನು ‘ಮೇಲೆ ಭಾರ ಹೊತ್ತಿರುವುದು ಯಾವುದು?’ ಎಂದು ತಾನಾಗಿ ಕೇಳುತ್ತಾನೆಯೇ ಎಂಬುದನ್ನು ಗಮನಿಸಬೇಕು. ಕೇಳದವನಿಗೆ ಹಳೆಯ ಮನೆಯ ಕೆಲಸ ಒಪ್ಪಿಸಬಾರದು.

ಮೂರನೆಯದು ಹಳೆಯ ಮರದ ಬೆಲೆ. ಕೆಲಸ ಮುಗಿದ ಮೇಲೆ ‘ಹಳೆಯದನ್ನೆಲ್ಲ ನಾವೇ ಸಾಗಿಸುತ್ತೇವೆ’ ಎನ್ನುವುದು ಉಪಕಾರದಂತೆ ಕೇಳಿಸುತ್ತದೆ. ಆದರೆ ಗಟ್ಟಿಯಾದ ಹಳೆಯ ಸಾಗವಾನಿಗೆ ಗಿರಾಕಿಗಳಿದ್ದಾರೆ. ಅದು ಮನೆಯವರಿಗೆ ಸೇರಿದ್ದೋ, ಬೆಲೆ ಕಟ್ಟಿ ಬಿಲ್ಲಿನಲ್ಲಿ ಕಳೆಯುವುದೋ ಎಂಬುದನ್ನು ಕೀಳುವ ಮುನ್ನವೇ ತೀರ್ಮಾನಿಸಬೇಕು.

2. ಗಾಳಿಯ ಲೆಕ್ಕ

ಎರಡು ಕದಗಳ ಮರದ ಕಿಟಕಿಯನ್ನು ತೆರೆದರೆ ಬಹುಮಟ್ಟಿಗೆ ಪೂರ್ತಿ ಕಂಡಿಯೂ ತೆರೆಯುತ್ತದೆ. ಅದೇ ಜಾಗದಲ್ಲಿ ಎರಡು ಹಳಿಯ ಜಾರುವ ಕಿಟಕಿ ಕೂರಿಸಿದರೆ ಅರ್ಧ ಮಾತ್ರ ತೆರೆಯುತ್ತದೆ. 4 ಅಡಿ ಅಗಲ, 4 ಅಡಿ ಎತ್ತರದ ಕಿಟಕಿಯಲ್ಲಿ 16 ಚದರಡಿಯ ಬದಲು ಗಾಳಿಗೆ ದೊರೆಯುವುದು ಸುಮಾರು 8 ಚದರಡಿ. ಚೌಕಟ್ಟಿನ ದಪ್ಪವನ್ನು ಕಳೆದರೆ ಇನ್ನೂ ಕಡಿಮೆ.

ಬಿಸಿಯೂ ತೇವವೂ ಇರುವ ಹವೆಯಲ್ಲಿ ಕಿಟಕಿ ಮೊದಲಾದ ಕಂಡಿಗಳ ವಿಸ್ತೀರ್ಣವು ಕೋಣೆಯ ನೆಲದ ಆರನೆಯ ಒಂದು ಪಾಲಿಗೆ ಕಡಿಮೆಯಾಗಬಾರದೆಂದೂ, ಒಣ ಬಿಸಿ ಹವೆಯಲ್ಲಿ ಹತ್ತನೆಯ ಒಂದು ಪಾಲಿಗೆ ಕಡಿಮೆಯಾಗಬಾರದೆಂದೂ ರಾಷ್ಟ್ರೀಯ ಕಟ್ಟಡ ಸಂಹಿತೆಯು ಹೇಳುತ್ತದೆ. 12 ಅಡಿ ಉದ್ದ, 10 ಅಡಿ ಅಗಲದ ಕೋಣೆಯ ನೆಲ 120 ಚದರಡಿ. ಅದರ ಆರನೆಯ ಒಂದು ಪಾಲು 20 ಚದರಡಿ. ಮಳೆಗಾಲದಲ್ಲಿ ಬಟ್ಟೆ ಒಣಗದ, ಗೋಡೆಗೆ ಬೂಸು ಹಿಡಿಯುವ ನಮ್ಮ ಸೀಮೆಯಲ್ಲಿ ಗಾಳಿಯನ್ನು ಅರ್ಧಕ್ಕೆ ಇಳಿಸಿಕೊಳ್ಳುವುದು ಸಣ್ಣ ವಿಷಯವಲ್ಲ. ಮಲಗುವ ಕೋಣೆ ಮತ್ತು ಅಡುಗೆಮನೆಗೆ ತೆರೆಯುವ ಕದಗಳ ಕಿಟಕಿಯೇ ಒಳ್ಳೆಯದು. ಕದ ತೆರೆಯಲು ಜಾಗವಿಲ್ಲದ ಓಣಿಯ ಬದಿಗೂ ಜಗಲಿಯ ಕಡೆಗೂ ಜಾರುವ ಕಿಟಕಿ ಸರಿಹೋಗುತ್ತದೆ.

ಇದರೊಡನೆ ಸೊಳ್ಳೆಯ ಜಾಲಿ ಮತ್ತು ಗ್ರಿಲ್‌ಗಳ ಸ್ಥಾನವನ್ನೂ ನಿಶ್ಚಯಿಸಬೇಕು. ಕಳ್ಳರ ಜೊತೆಗೆ ಮಂಗಗಳ ಕಾಟವೂ ಇರುವ ಊರುಗಳಲ್ಲಿ ಗ್ರಿಲ್ ಬಿಡುವಂತಿಲ್ಲ. ಕದಗಳು ಹೊರಗೆ ತೆರೆಯುವುದಾದರೆ ಗ್ರಿಲ್ ಒಳಬದಿಗೆ ಬರಬೇಕು. ಆಗ ಜಾಲಿಗೆ ಎಲ್ಲಿ ಜಾಗ ಎಂಬುದನ್ನು ನಕ್ಷೆಯಲ್ಲಿಯೇ ತೋರಿಸಿಕೊಡುವಂತೆ ಕೇಳಬೇಕು. ಜಾರುವ ಕಿಟಕಿಗೆ ಜಾಲಿ ಬೇಕಾದರೆ ಮೂರು ಹಳಿಯ ಚೌಕಟ್ಟು ಬೇಕಾಗುತ್ತದೆ. ಅದಕ್ಕೆ ದರವೂ ಬೇರೆ.

3. ಸಾಮಗ್ರಿಗಳ ತುಲನೆ

ಮರ: ಚೆನ್ನಾಗಿ ಒಣಗಿದ ಮರಕ್ಕೆ ಇಂದಿಗೂ ಸರಿಸಾಟಿಯಿಲ್ಲ, ಆದರೆ ಒಣಗಿಸುವ ತಾಳ್ಮೆ ಅಪರೂಪವಾಗಿದೆ. ಹಸಿ ಮರದ ಕದವು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ, ಎರಡು ವರ್ಷಗಳೊಳಗೆ ಸೊಟ್ಟಗಾಗುತ್ತದೆ. ಮರದಲ್ಲಿ ಎಷ್ಟು ತೇವಾಂಶ ಇರಬಹುದೆಂಬುದನ್ನು ಪ್ರದೇಶವಾರು ನಿಗದಿಪಡಿಸುವ ಭಾರತೀಯ ಮಾನಕ ಐಎಸ್ 287. ಅದನ್ನು ಅಳೆಯುವ ಕೈಮೀಟರುಗಳು ದೊರೆಯುತ್ತವೆ. ಮರಗೆಲಸದ ಘಟಕ ನಡೆಸುವವರ ಬಳಿ ಒಂದಾದರೂ ಇರಬೇಕು. ಮರದ ಮೂಲವೂ ಮುಖ್ಯ. ಉತ್ತರ ಕನ್ನಡದಲ್ಲಿ ದಾಂಡೇಲಿ, ಕಿರವತ್ತಿ ಮೊದಲಾದೆಡೆ ಅರಣ್ಯ ಇಲಾಖೆಯ ನಾಟಾ ಸಂಗ್ರಹಾಲಯಗಳಿವೆ. ಹರಾಜಿನಲ್ಲಿ ಕೊಂಡ ಮರಕ್ಕೆ ದಾಖಲೆ ಇರುತ್ತದೆ. 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1969ರ ನಿಯಮಗಳಂತೆ ನಾಟಾ ಸಾಗಣೆಗೆ ಪರವಾನಗಿ ಬೇಕು. ಸೊಪ್ಪಿನ ಬೆಟ್ಟದ ಮರವನ್ನು ಅನುಮತಿಯಿಲ್ಲದೆ ಕಡಿದು ಕಿಟಕಿ ಮಾಡಿಸುವಂತಿಲ್ಲ. ಅಗ್ಗವೆಂದು ದಾಖಲೆಯಿಲ್ಲದ ಮರ ಕೊಂಡವರಿಗೆ ಕಿಟಕಿಯ ಜೊತೆಗೆ ಮೊಕದ್ದಮೆಯೂ ಬರಬಹುದು.

ಅಲ್ಯೂಮಿನಿಯಂ: ಗೆದ್ದಲಿಲ್ಲ, ಕೊಳೆಯುವಿಕೆಯಿಲ್ಲ, ಭಾರ ಕಡಿಮೆ. ಇಲ್ಲಿ ಮೋಸಕ್ಕೆ ಅವಕಾಶವಿರುವುದು ಪಟ್ಟಿಯ ದಪ್ಪದಲ್ಲಿ. ತಯಾರಕನು ಪಟ್ಟಿಯನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾನೆ, ಕಿಟಕಿಯನ್ನು ಚದರಡಿಯ ಲೆಕ್ಕದಲ್ಲಿ ಮಾರುತ್ತಾನೆ. ಪಟ್ಟಿ ತೆಳುವಾದಷ್ಟೂ ಅವನಿಗೆ ಉಳಿತಾಯ, ಗಾಳಿಗೆ ಕಿಟಕಿ ಅದುರುವ ತೊಂದರೆ ಮನೆಯವರಿಗೆ. ಆದುದರಿಂದ ದರಪಟ್ಟಿಯಲ್ಲಿ ಪಟ್ಟಿಯ ಗೋಡೆದಪ್ಪವನ್ನು ಮಿಲಿಮೀಟರಿನಲ್ಲಿ ಬರೆಸಿಕೊಂಡು, ಸಾಮಾನು ಬಂದಾಗ ಕತ್ತರಿಸಿದ ತುದಿಯಲ್ಲಿ ವರ್ನಿಯರ್ ಇಟ್ಟು ಅಳೆಯಬೇಕು. ಮೇಲಿನ ಲೇಪನಕ್ಕೂ ಅಳತೆಯಿದೆ. ಆನೋಡೈಸ್ ಲೇಪನವನ್ನು ಐಎಸ್ 1868 ಮಾನಕವು ಎಸಿ 10, ಎಸಿ 15, ಎಸಿ 20 ಎಂದು ಮೈಕ್ರಾನ್ ದಪ್ಪದ ಮೇಲೆ ವಿಂಗಡಿಸುತ್ತದೆ. ಪೌಡರ್ ಲೇಪನವಾದರೆ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ಇರುತ್ತದೆ. ಅಲ್ಯೂಮಿನಿಯಂ ಕಿಟಕಿಗಳಿಗೆ ಐಎಸ್ 1948 ಎಂಬ ಮಾನಕವು 1961ರಿಂದ ಇದೆ.

ಯುಪಿವಿಸಿ: ನೀರು, ಸದ್ದು, ಧೂಳುಗಳನ್ನು ತಡೆಯುವುದರಲ್ಲಿ ಮುಂದು. ಹೊರಗೆ ಒಂದೇ ಬಗೆಯಾಗಿ ಕಾಣುವ ಪಟ್ಟಿಗಳ ಒಳಗೆ ವ್ಯತ್ಯಾಸವಿರುತ್ತದೆ. ಪೊಳ್ಳಿನೊಳಗೆ ಸತು ಲೇಪಿತ ಉಕ್ಕಿನ ಪಟ್ಟಿ ಸೇರಿಸದಿದ್ದರೆ ದೊಡ್ಡ ಕಿಟಕಿಗಳು ಬಾಗುತ್ತವೆ. ಅಯಸ್ಕಾಂತವನ್ನು ಹೊರಗಿನಿಂದ ಹಿಡಿದು ನೋಡಿದರೆ ಉಕ್ಕು ಇದೆಯೋ ಇಲ್ಲವೋ ಗೊತ್ತಾಗುತ್ತದೆ. ಶಾಖಕ್ಕೆ ಯುಪಿವಿಸಿ ಹಿಗ್ಗುವ ಪ್ರಮಾಣ ಅಲ್ಯೂಮಿನಿಯಂನ ಸುಮಾರು ಮೂರರಷ್ಟು. 2 ಮೀಟರ್ ಉದ್ದದ ಪಟ್ಟಿಯು 30 ಡಿಗ್ರಿ ವ್ಯತ್ಯಾಸಕ್ಕೆ 4 ಮಿ.ಮೀ. ಆಸುಪಾಸಿನಲ್ಲಿ ಹಿಗ್ಗಬಲ್ಲದು. ಗೋಡೆಗೆ ಬಿಗಿಯಾಗಿ ಅವುಚಿ ಕೂರಿಸಿದ ಯುಪಿವಿಸಿ ಚೌಕಟ್ಟು ಬೇಸಿಗೆಯಲ್ಲಿ ಸೊಟ್ಟಗಾಗಿ ಕದ ಸಿಕ್ಕಿಕೊಳ್ಳುವುದಕ್ಕೆ ಇದೇ ಕಾರಣ.

ಉಕ್ಕು ಮತ್ತು ಸಿಮೆಂಟು: ಉಕ್ಕಿನ ಕಿಟಕಿಗೆ ಐಎಸ್ 1038, ಅಚ್ಚು ಹಾಕಿದ ಕಾಂಕ್ರೀಟ್ ಚೌಕಟ್ಟಿಗೆ ಐಎಸ್ 6523 ಮಾನಕಗಳಿವೆ. ಕೊಟ್ಟಿಗೆ, ಉಗ್ರಾಣ, ಅಡಕೆ ಸುಲಿಯುವ ಚಪ್ಪರಗಳಿಗೆ ಸಿಮೆಂಟಿನ ಚೌಕಟ್ಟು ಅಗ್ಗವೂ ಗೆದ್ದಲುನಿರೋಧಕವೂ ಆಗಿದೆ. ಉಕ್ಕಿಗೆ ತುಕ್ಕಿನ ಭಯವಿರುವುದರಿಂದ ಬಣ್ಣದ ಖರ್ಚು ಆಗಾಗ ಬರುತ್ತದೆ.

ಗಾಜು: ಒಂದು ಚದರ ಮೀಟರಿಗೆ, ಪ್ರತಿ ಮಿಲಿಮೀಟರ್ ದಪ್ಪಕ್ಕೆ ಗಾಜು 2.5 ಕಿಲೋ ತೂಗುತ್ತದೆ. 5 ಮಿ.ಮೀ. ದಪ್ಪದ ಒಂದು ಚದರ ಮೀಟರ್ ಗಾಜಿನ ತೂಕ 12.5 ಕಿಲೋ. ಇಷ್ಟು ಭಾರವನ್ನು ದಿನವೂ ಹೊರುವುದು ತಿರುಗಣಿ ಅಥವಾ ಕೆಳಗಿನ ಚಕ್ರಗಳು; ಆದುದರಿಂದ ಅವುಗಳ ಗುಣಮಟ್ಟವನ್ನೂ ದರಪಟ್ಟಿಯಲ್ಲಿ ಬರೆಸಬೇಕು. ಮಕ್ಕಳ ಕೈಗೆಟಕುವ ತಗ್ಗಿನ ಕಿಟಕಿಗಳಿಗೆ ಟಫನ್ಡ್ ಗಾಜು ಹಾಕಿಸುವುದು ಕ್ಷೇಮ. ಅದು ಒಡೆದರೆ ಮೊಂಡು ಚೂರುಗಳಾಗುತ್ತದೆ. ಸುರಕ್ಷಾ ಗಾಜಿನ ಮಾನಕ ಐಎಸ್ 2553. ಅದರ ಗುರುತು ಗಾಜಿನ ಮೂಲೆಯಲ್ಲಿ ಅಳಿಸಲಾಗದಂತೆ ಇರಬೇಕು. ಈ ಗಾಜನ್ನು ಒಮ್ಮೆ ತಯಾರಿಸಿದ ಮೇಲೆ ಕತ್ತರಿಸಲಾಗುವುದಿಲ್ಲ. ಅಳತೆ ತಪ್ಪಿದರೆ ಹೊಸ ಗಾಜೇ ಗತಿ.

4. ನೀರು ಸೋರುವುದು ಎಲ್ಲಿ?

ಒಳ್ಳೆಯ ಕಿಟಕಿಯೂ ಕೆಟ್ಟದಾಗಿ ಕೂತರೆ ಸೋರುತ್ತದೆ. ಆದುದರಿಂದ ಈ ಭಾಗವನ್ನು ಕೊಳ್ಳುವವರೂ ಕೂರಿಸುವವರೂ ಗಮನವಿಟ್ಟು ಓದಬೇಕು.

ಅಳತೆ: ಗೋಡೆಯ ಕಂಡಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆಯಬೇಕು, ಎತ್ತರವನ್ನೂ ಹಾಗೆಯೇ. ಮೂರರಲ್ಲಿ ಕಡಿಮೆಯದನ್ನು ಹಿಡಿಯಬೇಕು. ಅಗಲವು 1205, 1198, 1202 ಮಿ.ಮೀ. ಬಂದರೆ ಲೆಕ್ಕಕ್ಕೆ 1198. ಎರಡೂ ಬದಿಗೆ 5 ಮಿ.ಮೀ. ಸಂದು ಬಿಟ್ಟರೆ ಚೌಕಟ್ಟಿನ ಅಗಲ 1188 ಮಿ.ಮೀ. ಬಳಿಕ ಮೂಲೆಯಿಂದ ಮೂಲೆಗೆ ಎರಡು ಓರೆ ಅಳತೆಗಳನ್ನೂ ತೆಗೆಯಬೇಕು. ಅವೆರಡೂ ಸಮವಾಗಿಲ್ಲದಿದ್ದರೆ ಕಂಡಿಯು ಮೂಲೆಮಟ್ಟದಲ್ಲಿಲ್ಲ. ಮೊದಲು ಗಿಲಾವು ಮಾಡಿ ಸರಿಪಡಿಸಬೇಕು. ಹಳೆಯ ಚೌಕಟ್ಟು ಕೀಳುವ ಮೊದಲೇ ತೆಗೆದ ಅಳತೆಯನ್ನು ಅಂತಿಮವೆಂದು ನಂಬಬಾರದು.

ಹಿಡಿತ: ಇಟ್ಟಿಗೆ ಅಥವಾ ಕಾಂಕ್ರೀಟಿನಲ್ಲಿ ಆಂಕರ್ ಸ್ಕ್ರೂ ಚೆನ್ನಾಗಿ ಹಿಡಿಯುತ್ತದೆ. ಮಣ್ಣಿನ ಗೋಡೆಯಲ್ಲಿ ಹಿಡಿಯುವುದಿಲ್ಲ. ಸಡಿಲ ಚಿರೇಕಲ್ಲಿನಲ್ಲಿಯೂ ಅನುಮಾನ. ಅಂತಹ ಕಡೆ ಕಂಡಿಯ ಸುತ್ತ ಕಾಂಕ್ರೀಟಿನ ಪಟ್ಟಿ ಕಟ್ಟಿ ಅದಕ್ಕೆ ಚೌಕಟ್ಟನ್ನು ಬಿಗಿಯಬೇಕು. ಈ ಖರ್ಚನ್ನು ದರಪಟ್ಟಿಯಲ್ಲಿ ಕಾಣಿಸದವನು ಆಮೇಲೆ ಕೇಳುತ್ತಾನೆ, ಇಲ್ಲವೇ ಕೆಲಸವನ್ನೇ ಬಿಟ್ಟುಬಿಡುತ್ತಾನೆ.

ಇಳಿಜಾರು: ಕಿಟಕಿಯ ಕೆಳಗಿನ ಕಟ್ಟೆ ಹೊರಕ್ಕೆ ಇಳಿಜಾರಾಗಿರಬೇಕು. ಅದರ ಅಂಚು ಗೋಡೆಗಿಂತ ಮುಂದೆ ಚಾಚಿ, ಅಡಿಯಲ್ಲಿ ನೀರು ಕಡಿಯುವ ಸಣ್ಣ ಗೀರು ಇರಬೇಕು. ನೈಋತ್ಯ ದಿಕ್ಕಿನ ಕಿಟಕಿಗೆ ಸಜ್ಜಾ ಇಲ್ಲದಿದ್ದರೆ ಕಿಟಕಿ ಬದಲಿಸುವ ಹೊತ್ತಿನಲ್ಲಿಯೇ ಅದನ್ನೂ ಮಾಡಿಸುವುದು ಲೇಸು. ಸಜ್ಜಾ ಮಾಡಬೇಕಾದ ಕೆಲಸವನ್ನು ಸೀಲಂಟ್ ಮಾಡಲಾರದು.

ನೀರಿನ ತೂತು: ಜಾರುವ ಕಿಟಕಿಯ ಕೆಳಹಳಿಯಲ್ಲಿ ಮಳೆನೀರು ನಿಲ್ಲುವುದು ಸಹಜ, ಅದು ಹೊರಗೆ ಹೋಗಲು ಚೌಕಟ್ಟಿನ ಹೊರಮೈಯಲ್ಲಿ ತೂತುಗಳಿರುತ್ತವೆ. ಗಿಲಾವು ಮಾಡುವವನು ಸಿಮೆಂಟಿನಿಂದಲೋ, ಅವಸರದ ಕೆಲಸಗಾರನು ಸಿಲಿಕೋನಿನಿಂದಲೋ ಈ ತೂತುಗಳನ್ನು ಮುಚ್ಚಿಬಿಟ್ಟರೆ ನೀರು ಒಳಗೆ ಉಕ್ಕುತ್ತದೆ. ಸಾಮಾನು ಕೆಟ್ಟದೆಂದು ತಯಾರಕನನ್ನು ದೂರುವ ಮುನ್ನ ಈ ತೂತುಗಳನ್ನು ನೋಡಬೇಕು.

ಸೀಲಂಟ್: ಒಣಗಿದ, ಧೂಳಿಲ್ಲದ ಮೈಗೆ ಮಾತ್ರ ಅದು ಹಿಡಿಯುತ್ತದೆ. ನೆನೆದ ಗೋಡೆಗೆ ಜೂನ್ ತಿಂಗಳಲ್ಲಿ ಬಳಿದದ್ದು ಸೆಪ್ಟೆಂಬರ್‌ಗೆ ಸುಲಿದು ಬರುತ್ತದೆ. ಕೊಯಿಲು ಮುಗಿದ ಮೇಲೆ, ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕೆಲಸ ಇಟ್ಟುಕೊಳ್ಳುವುದು ಹಣಕ್ಕೂ ಗೋಡೆಗೂ ಅನುಕೂಲ.

ಕೂರಿಸಿ, ಸೀಲಂಟ್ ಒಣಗಿದ ಬಳಿಕ ನೀರಿನ ಪರೀಕ್ಷೆ ನಡೆಸಬೇಕು. ಪೈಪಿನಿಂದ ಕೆಳಗಿನಿಂದ ಆರಂಭಿಸಿ ಮೇಲಕ್ಕೆ, ಪ್ರತಿ ಕಿಟಕಿಗೆ ಹದಿನೈದು ನಿಮಿಷ ನೀರು ಹಾಯಿಸಿ ಒಳಗಡೆ ನೋಡಬೇಕು. ಕೆಳಗಿನಿಂದ ಆರಂಭಿಸಿದರೆ ಯಾವ ಎತ್ತರದಲ್ಲಿ ಸೋರುತ್ತಿದೆ ಎಂಬುದು ತಿಳಿಯುತ್ತದೆ. ಈ ಪರೀಕ್ಷೆಗೆ ಒಪ್ಪುವವನು ತನ್ನ ಕೆಲಸವನ್ನು ತಾನು ನಂಬಿದವನು.

5. ದರಪಟ್ಟಿಯನ್ನು ಓದುವ ಬಗೆ

ಕೆಳಗಿನದು ರೀತಿ ತಿಳಿಯಲೆಂದು ಹಾಕಿದ ಲೆಕ್ಕವೇ ಹೊರತು ಪೇಟೆಯ ಧಾರಣೆಯಲ್ಲ. 4 ಅಡಿಗೆ 4 ಅಡಿಯ ಎಂಟು ಕಿಟಕಿಗಳು, ಒಟ್ಟು 128 ಚದರಡಿ ಎಂದಿಟ್ಟುಕೊಳ್ಳೋಣ.

ಮೊದಲನೆಯವನ ದರ ಚದರಡಿಗೆ 500 ರೂ. ಮಾತ್ರ:
ಕಿಟಕಿಯ ಮೊತ್ತ: 64,000 ರೂ.
ಹಳೆಯದನ್ನು ಕೀಳಲು, ಕಿಟಕಿಗೆ 600ರಂತೆ: 4,800 ರೂ.
ಸುತ್ತ ಗಿಲಾವು, ಕಿಟಕಿಗೆ 1,200ರಂತೆ: 9,600 ರೂ.
ಜಾಲಿ, ಚದರಡಿಗೆ 60ರಂತೆ: 7,680 ರೂ.
ಸಾಗಣೆ: 2,500 ರೂ.
ಕಿಟಕಿಯ ಮೊತ್ತದ ಮೇಲೆ ಶೇ. 18 ತೆರಿಗೆ: 11,520 ರೂ.
ಒಟ್ಟು: 1,00,100 ರೂ.

ಎರಡನೆಯವನು ಎಲ್ಲವನ್ನೂ ಸೇರಿಸಿ ಚದರಡಿಗೆ 720 ರೂ. ಹೇಳಿದ್ದಾನೆ. ಒಟ್ಟು 92,160 ರೂ. ಬಾಯಿಮಾತಿನಲ್ಲಿ 220 ರೂ. ಅಗ್ಗವಾಗಿ ಕಂಡವನು ಕೊನೆಗೆ ಚದರಡಿಗೆ ಸುಮಾರು 782 ರೂ. ಆದನು. ಆದುದರಿಂದ ದರಗಳನ್ನು ಹೋಲಿಸುವ ಮೊದಲು ಎರಡೂ ಪಟ್ಟಿಗಳಲ್ಲಿ ಒಂದೇ ಬಾಬುಗಳು ಇರುವಂತೆ ಮಾಡಿಕೊಳ್ಳಬೇಕು.

ಅಳತೆಯನ್ನು ಮೇಲಿನ ಅಡಿಗೆ ಏರಿಸುವ ರೂಢಿಯೂ ಉಂಟು. 3 ಅಡಿ 10 ಇಂಚಿನ ಚೌಕ ಕಿಟಕಿಯ ನಿಜವಾದ ವಿಸ್ತೀರ್ಣ 14.69 ಚದರಡಿ, ಅದನ್ನು 4 ಅಡಿಯೆಂದು ಹಿಡಿದರೆ 16. ಅಂದರೆ ಇಲ್ಲದ ಕಿಟಕಿಗೆ ಶೇ. 9ರಷ್ಟು ಹೆಚ್ಚಿನ ಹಣ. ನಿಜವಾದ ಅಳತೆಗೆ ದರವೋ, ಏರಿಸಿದ ಅಳತೆಗೆ ದರವೋ ಎಂಬುದನ್ನು ಬರೆಸಿಕೊಳ್ಳಬೇಕು.

6. ಕೆಲಸಗಾರನನ್ನು ಪರೀಕ್ಷಿಸುವುದು ಹೇಗೆ?

ಶಿರಸಿ, ಹಾನಗಲ್ಲ, ಹುಬ್ಬಳ್ಳಿ ಎಲ್ಲಿಂದಲೇ ಕರೆಸಿದರೂ ಕೇಳಬೇಕಾದ ಪ್ರಶ್ನೆಗಳು ಇವು.

(ಅ) ಎರಡು ಮಳೆಗಾಲ ಕಳೆದಿರುವ ನಿಮ್ಮ ಕೆಲಸವನ್ನು ಎಲ್ಲಿ ನೋಡಬಹುದು? ಕಳೆದ ತಿಂಗಳು ಕೂರಿಸಿದ ಕಿಟಕಿ ಎಲ್ಲರದೂ ಚೆನ್ನಾಗಿಯೇ ಇರುತ್ತದೆ. ಹಳೆಯ ಕೆಲಸದ ಮನೆಗೆ ಹೋಗಿ ಕಿಟಕಿ ತೆರೆದು ಮುಚ್ಚಿ ನೋಡಿ, ‘ಕರೆದಾಗ ಬಂದರೇ?’ ಎಂದು ಮನೆಯವರನ್ನು ಕೇಳಬೇಕು.

(ಆ) ಅಳತೆ ತೆಗೆಯುವವರು, ತಯಾರಿಸುವವರು, ಕೂರಿಸುವವರು ಒಬ್ಬರೇಯೋ ಬೇರೆ ಬೇರೆಯೋ? ಬೇರೆಯಾದರೆ ತಪ್ಪಿಗೆ ಹೊಣೆ ಯಾರು? ಅಂಗಡಿಯವನು ಕೂಲಿಯವನನ್ನೂ, ಕೂಲಿಯವನು ಕಂಪನಿಯನ್ನೂ ತೋರಿಸಿದರೆ ನಷ್ಟ ಮನೆಯವರಿಗೇ ಉಳಿಯುತ್ತದೆ. ಮೂರಕ್ಕೂ ತಾನೇ ಹೊಣೆಯೆಂದು ಬರೆದು ಕೊಡುವವನಿಗೆ ಸ್ವಲ್ಪ ಹೆಚ್ಚು ಹಣ ಕೊಟ್ಟರೂ ನಷ್ಟವಿಲ್ಲ.

(ಇ) ಚಕ್ರ ಸವೆದರೆ, ಚಿಲಕ ಮುರಿದರೆ ಬಿಡಿಭಾಗ ಎಲ್ಲಿ ದೊರೆಯುತ್ತದೆ? ದೂರದ ದೊಡ್ಡ ಕಂಪನಿಯ ಹತ್ತು ವರ್ಷದ ಗ್ಯಾರಂಟಿಗಿಂತ, ಕರೆದ ವಾರದೊಳಗೆ ಬರುವ ಹತ್ತಿರದ ಕೆಲಸಗಾರನ ಎರಡು ವರ್ಷದ ಹೊಣೆ ಹಲವು ಸಲ ಹೆಚ್ಚು ಬೆಲೆಯುಳ್ಳದ್ದು.

(ಈ) ಈ ಮನೆಯಲ್ಲಿ ನಿಮಗೆ ಕಷ್ಟವಾಗಬಹುದಾದುದು ಯಾವುದು? ‘ಏನೂ ಇಲ್ಲ’ ಎನ್ನುವವನಿಗಿಂತ, ‘ಪಶ್ಚಿಮದ ಗೋಡೆ ಮಣ್ಣಿನದು, ಅಲ್ಲಿ ಕಾಂಕ್ರೀಟ್ ಪಟ್ಟಿ ಬೇಕು’ ಎನ್ನುವವನೇ ನಂಬಿಕೆಗೆ ಅರ್ಹ.

7. ಒಪ್ಪಂದ, ಹಣ ಮತ್ತು ಬಿಲ್ಲು

ಒಪ್ಪಂದವು ಒಂದು ಹಾಳೆಯಷ್ಟಿದ್ದರೆ ಸಾಕು. ಕಿಟಕಿವಾರು ಅಳತೆ, ತೆರೆಯುವ ಬಗೆ, ಪಟ್ಟಿಯ ಹೆಸರು ಮತ್ತು ದಪ್ಪ, ಲೇಪನ, ಗಾಜಿನ ಬಗೆ ಮತ್ತು ದಪ್ಪ, ಬಿಡಿಭಾಗಗಳು, ಕೀಳುವಿಕೆ ಮತ್ತು ಗಿಲಾವು ಯಾರದು, ಹಳೆಯ ಮರ ಯಾರದು, ಮುಗಿಸುವ ದಿನ, ನೀರಿನ ಪರೀಕ್ಷೆ, ಹೊಣೆಯ ಅವಧಿ ಇಷ್ಟೂ ಅದರಲ್ಲಿರಬೇಕು. ಹೊಣೆಯನ್ನು ಪಟ್ಟಿಗೆ, ಬಿಡಿಭಾಗಕ್ಕೆ, ಗಾಜಿಗೆ, ಕೂರಿಸುವ ಕೆಲಸಕ್ಕೆ ಬೇರೆ ಬೇರೆಯಾಗಿ ಬರೆಯಬೇಕು. ಕೇವಲ ‘10 ವರ್ಷ ಗ್ಯಾರಂಟಿ’ ಎಂದರೆ ಅದು ಯಾವುದಕ್ಕೆ ಎಂಬ ವಿವಾದವೇ ಹತ್ತು ವರ್ಷ ನಡೆಯಬಹುದು.

ಹಣವನ್ನು ಕೆಲಸದ ಹಂತಗಳಿಗೆ ತಕ್ಕಂತೆ ಕೊಡಬೇಕು. ಆದೇಶದೊಡನೆ ಶೇ. 30, ಸಾಮಾನು ಬಂದು ಅಳೆದು ನೋಡಿದ ಮೇಲೆ ಶೇ. 40, ಕೂರಿಸಿ ನೀರಿನ ಪರೀಕ್ಷೆ ಮುಗಿದ ಮೇಲೆ ಶೇ. 25, ಮೊದಲ ಮಳೆಗಾಲದ ಬಳಿಕ ಶೇ. 5 ಎಂಬ ಹಂಚಿಕೆ ಇಬ್ಬರಿಗೂ ನ್ಯಾಯವಾದುದು. ಸಣ್ಣ ತಯಾರಕನಿಗೆ ಪಟ್ಟಿ ಮತ್ತು ಗಾಜು ಕೊಳ್ಳಲು ಬಂಡವಾಳ ಬೇಕಾದುದರಿಂದ ಮುಂಗಡವೇ ಇಲ್ಲದೆ ಕೆಲಸ ಮಾಡಿಕೊಡಬೇಕೆಂಬುದೂ ಸರಿಯಲ್ಲ. ಹಾಗೆಯೇ ಒಪ್ಪಿದ ಶೇ. 5ನ್ನು ಮಳೆಗಾಲ ಕಳೆದ ಮೇಲೂ ಸತಾಯಿಸುವುದು ಗೃಹಸ್ಥನಿಗೆ ಶೋಭಿಸುವುದಿಲ್ಲ.

ಬಿಲ್ಲಿಲ್ಲದಿದ್ದರೆ ತೆರಿಗೆ ಉಳಿಯುತ್ತದೆಂಬ ಆಸೆ ಎರಡೂ ಕಡೆಗೆ ಇರುವುದುಂಟು. 2017ರ ಜುಲೈ 1ರಿಂದ ಜಿಎಸ್‌ಟಿ ಜಾರಿಯಲ್ಲಿದೆ. ನೋಂದಾಯಿತ ವ್ಯಾಪಾರಿ ತೆರಿಗೆ ವಸೂಲು ಮಾಡಿದರೆ ತೆರಿಗೆ ಬಿಲ್ಲು ಕೊಡಲೇಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿರುವ ವ್ಯಾಪಾರಿಯು ಗಿರಾಕಿಯಿಂದ ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡುವಂತಿಲ್ಲ; ಅವನು ಹಾಗೆ ಕೇಳಿದರೆ ಕೊಡಬೇಕಾಗಿಲ್ಲ. ಬಿಲ್ಲಿಲ್ಲದ ಕಿಟಕಿಗೆ ಹೊಣೆಗಾರನೂ ಇಲ್ಲ ಎಂಬುದನ್ನು ನೆನಪಿಡಬೇಕು.

ವರ್ತಕ ಬಾಂಧವರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಮನೆಯ ಕಿಟಕಿಯ ಬಿಲ್ಲನ್ನು ಅಂಗಡಿಯ ಹೆಸರಿಗೆ ಬರೆಸಿ ಹೂಡುವಳಿ ತೆರಿಗೆಯನ್ನು ಹಿಂಪಡೆಯುವ ಯೋಚನೆ ಕೆಲವರಿಗೆ ಬರುವುದುಂಟು. ಸ್ವಂತ ಉಪಯೋಗದ ಸರಕು ಸೇವೆಗಳಿಗೆ ಈ ಸೌಲಭ್ಯವಿಲ್ಲವೆಂದು ಜಿಎಸ್‌ಟಿ ಕಾಯ್ದೆಯ 17(5)ನೇ ಕಲಮು ಸ್ಪಷ್ಟವಾಗಿ ಹೇಳುತ್ತದೆ. ಅದಕ್ಕೂ ಮಿಗಿಲಾಗಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯು ವಾಣಿಜ್ಯ ಉದ್ದೇಶಕ್ಕೆ ಕೊಂಡವರನ್ನು ಸಾಮಾನ್ಯವಾಗಿ ಗ್ರಾಹಕರೆಂದು ಪರಿಗಣಿಸುವುದಿಲ್ಲ. ಅಂಗಡಿಯ ಹೆಸರಿನ ಬಿಲ್ಲು ಹಿಡಿದು ಮನೆಯ ಕಿಟಕಿಗಾಗಿ ದೂರು ಕೊಡಲು ಹೋದರೆ ಎದುರಾಳಿಯ ವಕೀಲರು ಮೊದಲು ಎತ್ತುವ ಆಕ್ಷೇಪಣೆಯೇ ಅದು. ಮನೆಯ ಬಿಲ್ಲು ಮನೆಯವರ ಹೆಸರಿನಲ್ಲಿಯೇ ಇರಲಿ.

ಈ ಕಾಯ್ದೆಯಂತೆ ಕೊಟ್ಟ ಹಣ 50 ಲಕ್ಷ ರೂಪಾಯಿ ಮೀರದ ಪ್ರಕರಣಗಳನ್ನು ಜಿಲ್ಲಾ ಆಯೋಗವು ವಿಚಾರಿಸುತ್ತದೆ. 5 ಲಕ್ಷದವರೆಗಿನ ದೂರಿಗೆ ಶುಲ್ಕವಿಲ್ಲ. ಮಾರಿದವನ ಊರು ಯಾವುದೇ ಇರಲಿ, ಗ್ರಾಹಕನು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರು ಸಲ್ಲಿಸಬಹುದು. ನಮ್ಮ ಜಿಲ್ಲೆಗೆ ಅದು ಕಾರವಾರದಲ್ಲಿದೆ. ಕಾರಣ ಉಂಟಾದ ದಿನದಿಂದ ಎರಡು ವರ್ಷಗಳೊಳಗೆ ದೂರು ಕೊಡಬೇಕು. ಅದಕ್ಕೆ ಮುನ್ನ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಮೂಲಕ ಸಂಧಾನಕ್ಕೆ ಪ್ರಯತ್ನಿಸಬಹುದು. ಆದರೆ ಮೇಲೆ ಹೇಳಿದ ಒಂದು ಹಾಳೆಯ ಒಪ್ಪಂದವಿದ್ದರೆ ಇಲ್ಲಿಯವರೆಗೆ ಬರುವ ಪ್ರಸಂಗವೇ ವಿರಳ.

8. ನಮ್ಮ ಸಣ್ಣ ತಯಾರಕರಿಗೆ ಕೆಲವು ಮಾತು

ಇಷ್ಟು ಪರೀಕ್ಷೆ ಮಾಡುವ ಗಿರಾಕಿ ತೊಂದರೆಯವನೆಂದು ತಯಾರಕರಿಗೆ ತೋರಬಹುದು. ವಾಸ್ತವವಾಗಿ ಅವನಿಂದಲೇ ಸಣ್ಣ ಘಟಕಕ್ಕೆ ರಕ್ಷಣೆ. ಚದರಡಿಯ ದರವೊಂದನ್ನೇ ನೋಡುವ ಪೇಟೆಯಲ್ಲಿ ತೆಳು ಪಟ್ಟಿ ಹಾಕುವವನೇ ಗೆಲ್ಲುತ್ತಾನೆ. ಸರಿಯಾದ ದಪ್ಪ ಹಾಕುವ ಪ್ರಾಮಾಣಿಕನು ದುಬಾರಿಯವನೆಂಬ ಹೆಸರು ಹೊತ್ತು ಹಿಂದುಳಿಯುತ್ತಾನೆ. ಗುಣವನ್ನು ಅಳೆದು ಬರೆಯುವ ಪದ್ಧತಿ ಬಂದರೆ ಮಾತ್ರ ಅವನ ದರಕ್ಕೆ ಸಮರ್ಥನೆ ದೊರೆಯುತ್ತದೆ. ಅಡಕೆಯ ವ್ಯಾಪಾರದಲ್ಲಿ ದರ್ಜೆಗಳಿಲ್ಲದಿದ್ದರೆ ಒಳ್ಳೆಯ ರಾಶಿಗೂ ಗೋಟಿನ ಬೆಲೆಯೇ ಬರುತ್ತಿತ್ತಲ್ಲವೇ?

ಆದುದರಿಂದ ಪ್ರತಿಯೊಂದು ಘಟಕವೂ ಅಚ್ಚು ಹಾಕಿಸಿದ ಅಳತೆಯ ನಮೂನೆಯನ್ನು ಇಟ್ಟುಕೊಳ್ಳಬೇಕು. ಮೂರು ಅಗಲ, ಮೂರು ಎತ್ತರ, ಎರಡು ಓರೆ ಅಳತೆಗಳನ್ನು ಬರೆದು ಮನೆಯವರ ಸಹಿ ಪಡೆಯಬೇಕು. ಕೂರಿಸಿದ ದಿನದ ಛಾಯಾಚಿತ್ರವನ್ನು, ಮುಖ್ಯವಾಗಿ ನೀರಿನ ತೂತುಗಳು ತೆರೆದಿರುವುದನ್ನು, ತೆಗೆದಿಡಬೇಕು. ಆಮೇಲೆ ಬೇರೊಬ್ಬನು ಗಿಲಾವು ಮಾಡಿ ಅವುಗಳನ್ನು ಮುಚ್ಚಿದರೆ ಆ ಚಿತ್ರವೇ ಸಾಕ್ಷಿ. ಮೊದಲ ಮಳೆ ಬಿದ್ದ ವಾರ ತಾನಾಗಿ ಫೋನು ಮಾಡಿ ‘ಕಿಟಕಿ ಹೇಗಿದೆ?’ ಎಂದು ವಿಚಾರಿಸುವುದಕ್ಕೆ ಖರ್ಚಿಲ್ಲ. ದಾಸನಕೊಪ್ಪದಂತಹ ಊರಿನಲ್ಲಿ ಅದಕ್ಕಿಂತ ಒಳ್ಳೆಯ ಜಾಹೀರಾತೂ ಇಲ್ಲ.

ಸಾರಾಂಶ

ರಿಪೇರಿ ಸಾಧ್ಯವೇ ಎಂದು ಮೊದಲು ನೋಡುವುದು, ಗಾಳಿಯನ್ನು ಅರ್ಧ ಮಾಡಿಕೊಳ್ಳದಿರುವುದು, ಪಟ್ಟಿಯ ದಪ್ಪವನ್ನು ಅಳೆಯುವುದು, ಗೋಡೆಗೆ ತಕ್ಕ ಹಿಡಿತ ಕೇಳುವುದು, ಎಲ್ಲ ಬಾಬುಗಳನ್ನು ಸೇರಿಸಿ ದರ ಹೋಲಿಸುವುದು, ಎರಡು ಮಳೆ ಕಂಡ ಕೆಲಸವನ್ನು ನೋಡಿ ಬರುವುದು, ನೀರು ಹಾಯಿಸಿ ಪರೀಕ್ಷಿಸುವುದು, ಮನೆಯವರ ಹೆಸರಿನಲ್ಲಿ ಬಿಲ್ಲು ಪಡೆಯುವುದು, ಕೊನೆಯ ಕಂತನ್ನು ಮಳೆಗಾಲದ ಬಳಿಕ ಸಂದಾಯ ಮಾಡುವುದು, ಇವು ಒಂಬತ್ತು ಹೆಜ್ಜೆಗಳು. ಇವುಗಳಲ್ಲಿ ಯಾವುದಕ್ಕೂ ವಿಶೇಷ ಹಣ ಬೇಕಾಗಿಲ್ಲ. ಒಂದು ಅಳತೆಪಟ್ಟಿ, ಒಂದು ವರ್ನಿಯರ್, ಒಂದು ಹಾಳೆ ಕಾಗದ ಮತ್ತು ಕೇಳಲು ಸಂಕೋಚಪಡದ ಮನಸ್ಸು ಇದ್ದರೆ ಸಾಕು.